ಕುಂಕುಮ ಹಚ್ಚಿದ ಅಡಾಪ್ಟರ್

“ಕುಂಕುಮದ್ದ ಮಿಸ್ಟೇಕ್ ರೀ ಟೀಚರ್. ಒಳಗ ಹೋಗಿ ಕುಂತೈತಿ,” ಎಂದ ಗೌರೀಶ.

ಪೂರ್ಣಿಮಾ ಟೀಚರ್ ಕೈಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ನೀಲಿ ಡಬ್ಬಿಯೊಂದಿತ್ತು. ಅದಕ್ಕೆ ಗೇಣುದ್ದದ ಬಾಲ. ಬಾಲದ ತುದಿಯನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಚುಚ್ಚಬೇಕು. ಡಬ್ಬಿಯ ಇನ್ನೊಂದು ಬದಿಗೆ ಇಂಟರ್ನೆಟ್ಟಿನ ವೈರು ಸಿಕ್ಕಿಸಬೇಕು. ಆಗ ಕಂಪ್ಯೂಟರಿಗೆ ನೆಟ್ ಬರಬೇಕು. ಈ ಡಬ್ಬಿಗೆ ಅಡಾಪ್ಟರ್ ಎಂದು ಹೆಸರು.

ಮೂರು ದಿನದಿಂದ ಚುಚ್ಚುತ್ತಿದ್ದರು, ಸಿಕ್ಕಿಸುತ್ತಿದ್ದರು. ನೆಟ್ ಮಾತ್ರ ಬಂದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಸ್ನೇಹಲಳಿಗೆ ಒಳಗೆ ಬರಬೇಕೋ ಬೇಡವೋ ತಿಳಿಯಲಿಲ್ಲ. ಅವಳು ದಿನಾ ಇದೇ ಹೊತ್ತಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದಳು. ಇವತ್ತೂ ಕೇಳಿದಳು.

“ಟೀಚರ್, ನೆಟ್ ಬಂತೇನ್ರಿ?”

ಟೀಚರ್ ತಲೆ ಅಲ್ಲಾಡಿಸಿದರು. ಕರವಸ್ತ್ರದಿಂದ ಡಬ್ಬಿಯನ್ನು ಉಜ್ಜಿ ಉಜ್ಜಿ ಒರೆಸಿದರು. ಕರವಸ್ತ್ರ ಕೆಂಪಾಯಿತು. ನೆಟ್ ಬರಲಿಲ್ಲ.

ಕುಂಕುಮ ಹಚ್ಚಿದವರು ಹೆಡ್‌ಮಾಸ್ತರ್ ಚನ್ನಬಸಯ್ಯ. ಸೋಮವಾರ ಪೀರನವಾಡಿಯ ಆ ಶಾಲೆಗೆ ಕಂಪ್ಯೂಟರ್ ಬಂದಾಗ, ಪೂಜೆ ಆಗದೆ ಯಾರೂ ಸ್ವಿಚ್ ಮುಟ್ಟಕೂಡದು ಎಂದು ಅವರು ಹೇಳಿದ್ದರು. ಪರದೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು. ಕೀಬೋರ್ಡಿಗೆ ಒಂದು ಬೊಟ್ಟು, ಮೌಸಿಗೆ ಒಂದು ಬೊಟ್ಟು. ಕೊನೆಗೆ ಅಡಾಪ್ಟರ್ ಉಳಿಯಿತು. ಸಣ್ಣದೆಂದು ಅದಕ್ಕೆ ಅನ್ಯಾಯ ಆಗಬಾರದಲ್ಲ? ನೀರಿನಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದರು. ನೀಲಿ ಡಬ್ಬಿ ಅರ್ಧ ಕೆಂಪಾಯಿತು.

ಕಂಪ್ಯೂಟರ್ ಕೊಟ್ಟದ್ದು ಜ್ಞಾನದೀವಿಗೆ ಎಂಬ ಟ್ರಸ್ಟ್. ಬಂದದ್ದು ಒಂದು ಕಂಪ್ಯೂಟರ್, ನಾಲ್ಕು ಬ್ಯಾನರ್. ಬ್ಯಾನರುಗಳಲ್ಲಿ ಟ್ರಸ್ಟಿನ ಅಧ್ಯಕ್ಷ ಬಂಡೆಪ್ಪನವರು ಕೈ ಮುಗಿದು ನಿಂತಿದ್ದರು. ಬ್ಯಾನರುಗಳು ಅಂದೇ ಕೆಲಸ ಶುರು ಮಾಡಿದವು.

ಕಂಪ್ಯೂಟರಿಗೆ ಮೈ ಒಂದಿದ್ದರೆ ಸಾಲದು. ಅದನ್ನು ನಡೆಸಲು ಒಂದು ಬುದ್ಧಿಯೂ ಬೇಕು. ಅದನ್ನು ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಊರಿನ ಬೇರೆ ಕಂಪ್ಯೂಟರುಗಳಲ್ಲಿ ಎಲ್ಲರೂ ಬಲ್ಲ ಬುದ್ಧಿ ಇರುತ್ತದೆ. ಟ್ರಸ್ಟಿನವರು ಕೊಟ್ಟದ್ದರಲ್ಲಿ ‘ಸುಜ್ಞಾನ’ ಎಂಬ ಬುದ್ಧಿಯಿತ್ತು. ಅದನ್ನು ಟ್ರಸ್ಟಿನವರೇ ಇಬ್ಬರು ಎಂಜಿನಿಯರುಗಳನ್ನು ಕೂಡಿಸಿ ಮಾಡಿಸಿದ್ದರು. ಅದನ್ನು ಬಳಸುವವರು ಎಷ್ಟು ಮಂದಿ ಎಂದು ಪೂರ್ಣಿಮಾ ಟೀಚರ್ ಫೋನಿನಲ್ಲಿ ಕೇಳಿದಾಗ, ಆ ಕಡೆಯವರು, “ನಿಮ್ಮನ್ನ ಹಿಡದ ಹೇಳ್ಲೇನ್ರಿ, ಬಿಟ್ಟ ಹೇಳ್ಲೇನ್ರಿ?” ಎಂದಿದ್ದರಂತೆ.

ಅಡಾಪ್ಟರನ್ನು ಚುಚ್ಚಿದಾಗಲೆಲ್ಲ ಸುಜ್ಞಾನವು ಪರದೆಯ ಮೇಲೆ ಒಂದೇ ಸಾಲು ತೋರಿಸುತ್ತಿತ್ತು: ‘ಅಪರಿಚಿತ ಸಾಧನ, ಸಂಖ್ಯೆ 3T72. ಡ್ರೈವರ್ ಇಲ್ಲ.’

ಹೊಸ ಸಾಮಾನು ಬಂದಾಗ ಅದರ ಜೊತೆ ಹೇಗೆ ಮಾತಾಡಬೇಕು ಎಂದು ಕಂಪ್ಯೂಟರಿಗೆ ಹೇಳಿಕೊಡಲು ಒಂದು ಚಿಕ್ಕ ಬರಹ ಬೇಕು. ಅದೇ ಡ್ರೈವರ್. ಟೀಚರ್ ಬುಧವಾರ ಮತ್ತೆ ಟ್ರಸ್ಟಿಗೆ ಫೋನ್ ಹಚ್ಚಿದರು. ಫೋನನ್ನು ಜೋರಾಗಿ ಮಾತಾಡುವಂತೆ ಮೇಜಿನ ಮೇಲಿಟ್ಟರು.

“ಡ್ರೈವರ್ ಇಲ್ಲ ಅಂತದ್ರಿ.”

“ಚಿಂತಿ ಬ್ಯಾಡ್ರಿ ಮೇಡಂ, ನೆಟ್ಟಿಂದ ಡೌನ್‌ಲೋಡ್ ಮಾಡಕೊಳ್ರಿ,” ಎಂದಿತು ಒಂದು ದನಿ.

“ನೆಟ್ ಇಲ್ರಿ.”

“ಯಾಕ್ರಿ?”

“ಡ್ರೈವರ್ ಇಲ್ಲಲ್ರಿ.”

“ಅದನ್ನ ನೆಟ್ಟಿಂದ ಡೌನ್‌ಲೋಡ್ ಮಾಡಕೊಳ್ರಿ ಮತ್ತ.”

ಗೌರೀಶ ಬಾಯಿ ಮುಚ್ಚಿಕೊಂಡು ನಕ್ಕ. ಟೀಚರ್ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ತಾವೂ ನಕ್ಕರು. ಮೊಬೈಲಿನಲ್ಲಿ ಹುಡುಕಿದರೂ ಆ ಡ್ರೈವರ್ ಸಿಕ್ಕಿರಲಿಲ್ಲ. ಪೆನ್‌ಡ್ರೈವಿನಲ್ಲಿ ಕಳಿಸಿಕೊಡುತ್ತೀರಾ ಎಂದು ಕೇಳಿದರೆ, ಇಬ್ಬರು ಎಂಜಿನಿಯರುಗಳಲ್ಲಿ ಒಬ್ಬ ಮದುವೆಗೆ ಹೋಗಿದ್ದಾನೆ, ಹದಿನೈದು ದಿನ ತಡೆಯಿರಿ ಎಂದರು. ಇನ್ನೊಬ್ಬರು ಎಲ್ಲಿ ಎಂದರೆ, ಮದುವೆ ಅವರದೇ ಎಂದರು.

ಉಳಿದವರು ನಗಬಹುದಿತ್ತು. ಸ್ನೇಹಲಳಿಗೆ ನಗು ಬರಲಿಲ್ಲ.

ಅವಳು ಗುಂಜಿಯಿಂದ ಬಂದು ಹನ್ನೆರಡು ದಿನವಾಗಿತ್ತು. ಗುಂಜಿ ಖಾನಾಪುರದ ಆಚೆ, ಕಾಡಿನ ಅಂಚಿಗೆ ರೈಲು ನಿಲ್ಲುವ ಊರು. ಅಪ್ಪ ಜಿನಪಾಲನಿಗೆ ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತ್ತು. ಹೀಗಾಗಿ ಅಪ್ಪ, ಅವ್ವ, ಅಜ್ಜಿ ಅಕ್ಕಾತಾಯಿ, ಅವಳು, ಎಲ್ಲರೂ ಪೀರನವಾಡಿಯ ಬಾಡಿಗೆ ಮನೆಗೆ ಬಂದಿದ್ದರು.

ಆರನೆಯ ತರಗತಿಯ ಬೆಂಚಿನ ಮೇಲೆ ಅವಳಿಗೆ ಜಾಗ ಸಿಕ್ಕಿತ್ತು. ಹಾಜರಿ ಪುಸ್ತಕದಲ್ಲಿ ಸಿಕ್ಕಿರಲಿಲ್ಲ. ಹೆಸರು ಆನ್‌ಲೈನಿನಲ್ಲಿ ಸೇರಿದ ಮೇಲೆಯೇ ಪುಸ್ತಕದಲ್ಲಿ ಬರೆಯಬೇಕು ಎಂಬುದು ಹೆಡ್‌ಮಾಸ್ತರರ ಮಾತು. ಟೀಚರ್ ದಿನಾ ನಲವತ್ತೊಂದು ಹೆಸರು ಕೂಗುತ್ತಿದ್ದರು. ಸ್ನೇಹಲ ಉಳಿದವರ ‘ಎಸ್ ಟೀಚರ್’ ಕೇಳಿಸಿಕೊಂಡು ಸುಮ್ಮನೆ ಕೂರುತ್ತಿದ್ದಳು.

ಬಾಳೆಹಣ್ಣೂ ಪಟ್ಟಿಯ ಪ್ರಕಾರವೇ ಬರುತ್ತಿತ್ತು. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಎಷ್ಟು ಹೆಸರೋ ಅಷ್ಟೇ ಹಣ್ಣು. ಅಡುಗೆಯ ಗೌರವ್ವ ಅದಕ್ಕೊಂದು ದಾರಿ ಹುಡುಕಿದ್ದಳು. ದಿನಾ ಯಾರಾದರೊಬ್ಬರು ಶಾಲೆಗೆ ತಪ್ಪಿಸಿರುತ್ತಿದ್ದರು. ಅವರ ಹಣ್ಣನ್ನು ಸ್ನೇಹಲಳ ತಾಟಿನಲ್ಲಿಟ್ಟು, “ಇವತ್ತ ನೀ ವಿಪುಲ,” ಎನ್ನುತ್ತಿದ್ದಳು. ಮರುದಿನ, “ಇವತ್ತ ನೀ ಕಾಂತಾ.” ಹನ್ನೆರಡು ದಿನದಲ್ಲಿ ಸ್ನೇಹಲ ಎರಡು ಸಲ ವಿಪುಲ ಆಗಿದ್ದಳು. ಒಂದು ದಿನ ಎಲ್ಲರೂ ಬಂದಿದ್ದರು. ಅಂದು ಗೌರವ್ವ ತನಗೆಂದು ತೆಗೆದಿಟ್ಟುಕೊಂಡಿದ್ದ ಶೇಂಗಾ ಚಿಕ್ಕಿಯನ್ನು ಮುರಿದು ಕೊಟ್ಟು, “ಇವತ್ತ ನೀ ನಾನು,” ಎಂದಿದ್ದಳು.

ಹಣ್ಣಿನ ಮಾತು ಹೋಗಲಿ. ಖೋಖೋದ ಮಾತು ಬೇರೆ.

ಮುಂದಿನ ಮಂಗಳವಾರ ಖಾನಾಪುರದ ಮೈದಾನದಲ್ಲಿ ಹುಡುಗಿಯರ ಖೋಖೋ ಪಂದ್ಯವಿತ್ತು. ಪೀರನವಾಡಿಯ ತಂಡದ ಎದುರು ಗುಂಜಿಯ ತಂಡ ಆಡಲಿತ್ತು. ಸ್ನೇಹಲ ಓಡುವುದನ್ನು ನೋಡಿದ ಎರಡನೆಯ ದಿನವೇ ಟೀಚರ್ ಅವಳನ್ನು ತಂಡಕ್ಕೆ ಸೇರಿಸಿದ್ದರು. ಗುಂಜಿಯ ತಂಡದಲ್ಲಿ ಅವಳ ಗೆಳತಿ ಪ್ರಾಚಿ ಇದ್ದಳು. ಒಂದನೆಯ ತರಗತಿಯಿಂದ ಒಂದೇ ಬೆಂಚು. ಬಿಟ್ಟು ಬರುವ ದಿನ ಸ್ಟೇಷನ್ನಿನಲ್ಲಿ ಪ್ರಾಚಿ ಅತ್ತಿರಲಿಲ್ಲ. “ಖಾನಾಪುರಕ್ಕ ಬಾ, ಹತ್ತ ಎಣಿಸೂದ್ರಾಗ ನಿನ್ನ ಔಟ್ ಮಾಡತೇನಿ,” ಎಂದಷ್ಟೇ ಹೇಳಿದ್ದಳು.

ಆಡುವವರ ಹೆಸರು ಆನ್‌ಲೈನಿನಲ್ಲಿ ಇರಲೇಬೇಕಿತ್ತು. ಶನಿವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತಿತ್ತು.

ಹೆಸರು ಸೇರಿಸುವುದು ಎರಡು ನಿಮಿಷದ ಕೆಲಸ. ನನ್ನ ಮೊಬೈಲಿನಲ್ಲೇ ಸೇರಿಸಿಬಿಡಲೇ ಎಂದು ಟೀಚರ್ ಹೆಡ್‌ಮಾಸ್ತರರನ್ನು ಕೇಳಿದ್ದರು. ಚನ್ನಬಸಯ್ಯನವರು ಡ್ರಾಯರಿನಿಂದ ಆಮಂತ್ರಣ ಪತ್ರಿಕೆ ತೆಗೆದು ತೋರಿಸಿದರು. ಶನಿವಾರ ಬೆಳಗ್ಗೆ ಕಂಪ್ಯೂಟರ್ ಉದ್ಘಾಟನೆ. ‘ಮಾನ್ಯ ಬಂಡೆಪ್ಪನವರ ಅಮೃತಹಸ್ತದಿಂದ ಪ್ರಥಮ ಆನ್‌ಲೈನ್ ದಾಖಲಾತಿ’ ಎಂದು ಬಂಗಾರದ ಅಕ್ಷರಗಳಲ್ಲಿ ಅಚ್ಚಾಗಿತ್ತು.

“ಈಗ ಮೊಬೈಲಿನಾಗ ಸೇರಿಸಿಬಿಟ್ರ, ಶನಿವಾರ ಅವರ ಕೈಲೆ ಯಾರ ಹೆಸರ ಸೇರಸೂಣು? ಈ ತಿಂಗಳ ಹೊಸದಾಗಿ ಬಂದಾಕಿ ಇದೊಂದ ಹುಡುಗಿ.”

“ಶನಿವಾರದೊಳಗ ನೆಟ್ ಹತ್ತಲಿಲ್ಲಂದ್ರ ಸರ್?”

“ಕಾರ್ಯಕ್ರಮ ಮುಂದ ಹಾಕೂಣು. ಈಕಿ ಮುಂದಿನ ವರ್ಷ ಆಡ್ತಾಳ. ಕಾಲು ಎಲ್ಲಿ ಹೋಗ್ತಾವು?”

ಹೆಡ್‌ಮಾಸ್ತರ್ ಕೆಟ್ಟವರಲ್ಲ. ರಿಬ್ಬನ್ನು, ಕತ್ತರಿ, ಹಾರ, ಶಾಲು ಎಲ್ಲವನ್ನೂ ಒಂದೊಂದಾಗಿ ಕೂಡಿಸಿಟ್ಟಿದ್ದರು. ಅವುಗಳ ಜೊತೆ ಸ್ನೇಹಲಳ ಹೆಸರನ್ನೂ ತೆಗೆದಿಟ್ಟಿದ್ದರು, ಅಷ್ಟೇ.

ಗುರುವಾರ ಎಲ್ಲರೂ ತಮಗೆ ತಿಳಿದ ಔಷಧ ಮಾಡಿದರು. ಗೌರೀಶನ ಕಾಕಾನ ಮೊಬೈಲ್ ಅಂಗಡಿಯಿದ್ದುದರಿಂದ ತರಗತಿಯಲ್ಲಿ ಅವನೇ ದೊಡ್ಡ ಡಾಕ್ಟರು. ಅಡಾಪ್ಟರ್ ಬಂದಿದ್ದ ರಟ್ಟಿನ ಡಬ್ಬದ ಮೇಲೆ ‘ಸೂಪರ್ ಗೋಲ್ಡ್’ ಎಂದು ಬರೆದಿತ್ತು. ಕಂಪ್ಯೂಟರ್ ಜೊತೆ ಬಂದಿದ್ದ ಪುಸ್ತಕದಲ್ಲಿ ಸುಜ್ಞಾನಕ್ಕೆ ಪರಿಚಯವಿರುವ ಸಾಧನಗಳ ಪಟ್ಟಿಯಿತ್ತು. ಗೌರೀಶ ಆ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದ. ಸೂಪರ್ ಗೋಲ್ಡ್ ಇರಲಿಲ್ಲ. ಗೋಲ್ಡೂ ಇರಲಿಲ್ಲ.

“ಹೆಸರ ಇಲ್ಲ. ಕೆಲಸ ಆಗೂದಿಲ್ಲ,” ಎಂದು ತೀರ್ಪು ಕೊಟ್ಟ.

ಏಳನೆಯ ತರಗತಿಯ ಸರ್ ಬಂದು ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದರು. ಎಂಟನೆಯ ತರಗತಿಯ ಸರ್ ಬಂದು, ಮೂರು ಸಲ ಸಾಲದು ಎಂದು ಐದು ಸಲ ಮಾಡಿದರು. ಹೆಡ್‌ಮಾಸ್ತರ್ ಬಂದು ಯಂತ್ರ ಪಶ್ಚಿಮಕ್ಕೆ ಮುಖ ಮಾಡಿದೆ ಎಂದು ಮೇಜನ್ನು ತಿರುಗಿಸಿದರು. ಅಡಾಪ್ಟರಿನಲ್ಲಿ ಹಳದಿ ದೀಪ ಸುಮ್ಮನೆ ಉರಿಯುತ್ತಿತ್ತು. ಅದು ಬದುಕಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಸುಜ್ಞಾನ ಮಾತ್ರ ‘ಅಪರಿಚಿತ ಸಾಧನ’ ಎನ್ನುವುದನ್ನು ಬಿಡಲಿಲ್ಲ.

ಸ್ನೇಹಲ ಹಿಂದೆ ನಿಂತು ಆ ಸಾಲನ್ನು ಓದಿದಳು. ಯಾಕೋ ಡಬ್ಬಿಯ ಮೇಲೆ ಅವಳಿಗೆ ಕನಿಕರ ಬಂತು.

ಸಂಜೆ ಅವಳ ಮನೆಯಲ್ಲಿ ಎಂದಿನ ಗಡಿಬಿಡಿ. ಅಜ್ಜಿ ಅಕ್ಕಾತಾಯಿ ಹೊತ್ತು ಮುಳುಗುವ ಮೊದಲೇ ಉಣ್ಣುವವಳು. ಎಲ್ಲರೂ ಕೂಡಿಯೇ ಉಣ್ಣಬೇಕು ಎನ್ನುವವಳು ಕೂಡ. ಹೀಗಾಗಿ ಅಪ್ಪ ಉದ್ಯಮಬಾಗದಿಂದ ಸೂರ್ಯನ ಜೊತೆ ಪಂದ್ಯ ಹಚ್ಚಿದವನಂತೆ ಬೈಕ್ ಓಡಿಸಿಕೊಂಡು ಬರುತ್ತಿದ್ದ. ಅಂದು ಸೂರ್ಯನಿಗಿಂತ ಹತ್ತು ನಿಮಿಷ ಮುಂದೆ ಬಂದ.

ಸ್ನೇಹಲ ಊಟದಲ್ಲಿ ಎರಡೇ ರೊಟ್ಟಿ ಮುರಿದಳು. ಅಪ್ಪ ಏನೆಂದು ಕೇಳಿದ. ಅವಳು ಡಬ್ಬಿಯ ಕತೆ, ಪಟ್ಟಿಯ ಕತೆ, ಶನಿವಾರದ ಕತೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ಜಿನಪಾಲನಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಕಬ್ಬಿಣ ಗೊತ್ತಿತ್ತು. ಅವನು ಕೈ ತೊಳೆದು, ಬಾಗಿಲು ಬಡಿಯದಂತೆ ಇಟ್ಟಿದ್ದ ಒಂದು ಕಬ್ಬಿಣದ ತುಂಡನ್ನು ತಂದ. ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲಿದ್ದ ಇನ್ನೊಂದು ತುಂಡನ್ನೂ ತಂದ. ಎರಡೂ ಫೌಂಡ್ರಿಯಲ್ಲಿ ಎರಕದಲ್ಲಿ ಸಣ್ಣ ತೂತು ಬಿದ್ದು ಬೇಡವಾದ ಪಂಪಿನ ಭಾಗಗಳು.

“ನನ್ನ ಹಿಟ್ಟಿನ ಮ್ಯಾಲಿಂದ ಯಾಕ ತಗದಿ? ಬೆಕ್ಕು ಬಂದ್ರ ನೀ ಕಾಯ್ತೀ?” ಎಂದು ಅಕ್ಕಾತಾಯಿ ಒಳಗಿನಿಂದ ಕೇಳಿದಳು.

“ಈಗ ಕೊಡತೇನಿ ತಡಿ ಅವ್ವಾ,” ಎಂದ ಅಪ್ಪ ಸ್ನೇಹಲಳ ಕಡೆ ತಿರುಗಿದ. “ಎರಡರಾಗ ಏನ ಫರಕ್ ಐತಿ ಹೇಳು.”

ಸ್ನೇಹಲ ತಿರುಗಿಸಿ ತಿರುಗಿಸಿ ನೋಡಿದಳು. ಎರಡೂ ಅವಳಿ ಮಕ್ಕಳಂತಿದ್ದವು. ಅಪ್ಪ ಅವಳ ಕಂಪಾಸ್ ಪೆಟ್ಟಿಗೆಯಿಂದ ಸೀಮೆಸುಣ್ಣದ ತುಂಡು ತೆಗೆದು ಕಬ್ಬಿಣದ ಮೇಲೆ ಉಜ್ಜಿ, ಅಂಗೈಯಿಂದ ಒರೆಸಿದ. ಮೇಲಿನ ಸುಣ್ಣ ಹೋಯಿತು. ತಗ್ಗಿನಲ್ಲಿ ಕೂತ ಸುಣ್ಣ ಉಳಿಯಿತು. ಕಾಣದಿದ್ದ ಅಂಕಿಗಳು ಬೆಳ್ಳಗೆ ಎದ್ದು ಬಂದವು. ಒಂದರ ಮೇಲೆ 51, ಇನ್ನೊಂದರ ಮೇಲೆ 86.

“ಎರಡೂ ಒಂದ ಅಚ್ಚಿನಾಗ ಹುಟ್ಟಿದ್ವು. ಒಂದು ಕೊಲ್ಹಾಪುರ ಪಾರ್ಟಿದು, ಒಂದು ಪುಣೆ ಪಾರ್ಟಿದು. ಅವರವರಿಗೆ ಅವರವರ ನಂಬರ್ ಹೊಡಿತೇವಿ. ಮಾಲು ಒಂದ.”

“ಪುಣೆದ್ದು ಕೊಲ್ಹಾಪುರಕ್ಕ ಹೋದ್ರ?”

“ಗೇಟಿನಾಗ ಕುಂತವ ಒಳಗ ಬಿಡೂದಿಲ್ಲ. ಅವ ಮಾಲು ನೋಡೂದಿಲ್ಲ, ನಂಬರ್ ನೋಡತಾನ. ಪಟ್ಟ್ಯಾಗ ಇಲ್ಲಂದ್ರ ವಾಪಸ್.”

“ಆಮ್ಯಾಲೆ ನೀವೇನ್ ಮಾಡ್ತೀರಿ?”

“ಏನ್ ಮಾಡೂದು? ಮತ್ತೊಂದು ಎರಕಾ ಹೊಯ್ಯಾಕ ಆಗತೈತೇನು? ಮಾಲು ಅದ ಐತಿ, ನಿನ್ನ ಪಟ್ಟ್ಯಾಗ ಇದೊಂದ ನಂಬರ್ ಬರಕೋ ಅಂತ ಫೋನ್ ಮಾಡಿ ಹೇಳತೇವಿ. ಬರಕೋತಾನ. ಒಳಗ ಹೋಗತೈತಿ.”

ಅಕ್ಕಾತಾಯಿ ಬಂದು ತನ್ನ ತುಂಡನ್ನು ಎತ್ತಿಕೊಂಡು ಹೋದಳು. ನಂಬರ್ ಯಾವುದು ಎಂದು ಅವಳು ನೋಡಲಿಲ್ಲ. ಬೆಕ್ಕಿಗೆ ಎರಡೂ ಒಂದೇ.

ಶುಕ್ರವಾರ ಸ್ನೇಹಲ ಕಂಪಾಸಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡೇ ಶಾಲೆಗೆ ಹೋದಳು. ಊಟದ ಬಿಡುವಿನಲ್ಲಿ ಕಂಪ್ಯೂಟರ್ ಕೋಣೆಗೆ ಬಂದಳು. ಪೂರ್ಣಿಮಾ ಟೀಚರ್ ಒಬ್ಬರೇ ಕೂತು ಕಂಪ್ಯೂಟರನ್ನು ನೋಡುತ್ತಿದ್ದರು. ಕಂಪ್ಯೂಟರ್ ಅವರನ್ನು ನೋಡುತ್ತಿತ್ತು. ಗೌರೀಶ ಕಿಟಕಿಯ ಕಟ್ಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ.

“ಟೀಚರ್, ಆ ಡಬ್ಬಿ ಒಂದ್‌ಸಲ ಕೊಡ್ತೀರೇನ್ರಿ?”

ಸೀಮೆಸುಣ್ಣ ಬೇಕಾಗಲೇ ಇಲ್ಲ.

ಡಬ್ಬಿಯನ್ನು ಬೋರಲು ಹಾಕಿದಾಗ ಹೊಟ್ಟೆಯ ಮೇಲೆ ಕೂದಲಿನಷ್ಟು ಸಣ್ಣ ಅಕ್ಷರಗಳು ಕೆಂಪಾಗಿ ಕಂಡವು. ನೀಲಿ ಪ್ಲಾಸ್ಟಿಕ್ಕಿನಲ್ಲಿ ನೀಲಿಯಾಗಿಯೇ ಕೊರೆದಿದ್ದ ಆ ಅಕ್ಷರಗಳನ್ನು ಇದುವರೆಗೆ ಯಾರೂ ನೋಡಿರಲಿಲ್ಲ. ಹೆಡ್‌ಮಾಸ್ತರರ ಹೆಬ್ಬೆರಳು ಕುಂಕುಮವನ್ನು ತಗ್ಗಿನೊಳಗೆ ಒತ್ತಿತ್ತು. ಟೀಚರರ ಕರವಸ್ತ್ರ ಮೇಲಿನದನ್ನು ಒರೆಸಿತ್ತು. ಒಳಗಿನದು ಉಳಿದಿತ್ತು.

ಸ್ನೇಹಲ ಒಂದೊಂದೇ ಅಕ್ಷರ ಓದಿದಳು. “ಕೆ... ಎಕ್ಸ್... ಎಂಟು, ಎಂಟು. ಟೀಚರ್, ಪುಸ್ತಕದಾಗಿನ ಪಟ್ಟ್ಯಾಗ ಇದು ಐತೇನ್ರಿ?”

“ಸೂಪರ್ ಗೋಲ್ಡ್ ಇಲ್ಲಂತ ನಿನ್ನೇನ ಹೇಳೇನಲ್ಲ,” ಎಂದ ಗೌರೀಶ.

“ಸೂಪರ್ ಗೋಲ್ಡ್ ಡಬ್ಬದ ಹೆಸರು. ಒಳಗಿನ ಮಾಲಿಂದು ನೋಡೂಣು.”

ಟೀಚರ್ ಪುಸ್ತಕ ತೆಗೆದರು. ಪಟ್ಟಿಯಲ್ಲಿ ಪ್ರತಿ ಸಾಲಿನಲ್ಲೂ ಮೊದಲು ಸಂಖ್ಯೆ, ಆಮೇಲೆ ಸಾಧನದ ಒಳಗಿನ ಚಿಪ್‌ನ ಹೆಸರು ಇತ್ತು. ಬೆರಳು ಇಳಿಯುತ್ತಾ ಇಳಿಯುತ್ತಾ ಮೂರನೆಯ ಪುಟದ ನಡುವೆ ನಿಂತಿತು. ‘3T71 – KX88.’

ಪರದೆಯ ಮೇಲಿದ್ದ ಅಪರಿಚಿತನ ಸಂಖ್ಯೆ 3T72.

ಮಾಲು ಅದೇ, ಅದರ ಡ್ರೈವರ್ ಸುಜ್ಞಾನದ ಬಳಿ ಇದ್ದೇ ಇತ್ತು; ನಂಬರ್ ಮಾತ್ರ ಬೇರೆ. ಗೌರೀಶನ ಕಾಲು ಅಲ್ಲಾಡುವುದು ನಿಂತಿತು.

ಸ್ನೇಹಲ ಅಪ್ಪನ ಮಾತನ್ನು ಹೇಳಿದಳು. ಗೇಟಿನವನ ಪಟ್ಟಿಯಲ್ಲಿ ಒಂದು ಸಾಲು ಬರೆಸುವ ಮಾತು. ಹೇಳುತ್ತಿದ್ದಂತೆ ಟೀಚರರ ಹುಬ್ಬು ಮೇಲೇರಿತು. ಅವರು ಕಂಪ್ಯೂಟರಿನೊಳಗೆ ಆ ಪಟ್ಟಿ ಎಲ್ಲಿದೆ ಎಂದು ಹುಡುಕತೊಡಗಿದರು. ಪುಸ್ತಕದ ಕೊನೆಯ ಪುಟದಲ್ಲಿ, ಯಾರೂ ಓದದ ಜಾಗದಲ್ಲಿ, ಅದು ಎಲ್ಲಿದೆ ಎಂದು ಬರೆದಿತ್ತು. ಪಟ್ಟಿ ತೆರೆಯಿತು. ಬರೇ ಸಾಲುಗಳು. ಅಂಗಡಿಯ ಸಾಮಾನು ಚೀಟಿಯ ಹಾಗೆ.

ಅಷ್ಟರಲ್ಲಿ ಹೆಡ್‌ಮಾಸ್ತರ್ ಬಂದರು. ವಿಷಯ ಕೇಳಿ ಗಾಬರಿಯಾದರು.

“ಪಟ್ಟಿ ತಿದ್ದೂದಂದ್ರ ಹ್ಯಾಂಗ್ರಿ? ಮ್ಯಾಲಿನವರ ಸಹಿ ಬೇಕಾಗೂದಿಲ್ಲೇನು?”

“ತಿದ್ದೂದಲ್ರಿ ಸರ್, ಕೂಡಸೂದು. ಇದ್ದ ಸಾಲು ಇದ್ದಾಂಗ ಇರತೈತಿ,” ಎಂದರು ಟೀಚರ್.

ಚನ್ನಬಸಯ್ಯನವರು ಗೋಡೆಯ ಮೇಲಿನ ಬ್ಯಾನರ್ ನೋಡಿದರು. ಬಂಡೆಪ್ಪನವರು ಕೈ ಮುಗಿದು ನಾಳೆ ಬರುತ್ತೇನೆ ಎನ್ನುವ ಹಾಗೆ ನಗುತ್ತಿದ್ದರು.

“ನಾ ನೋಡಿಲ್ಲ,” ಎಂದು ಅವರು ಕಿಟಕಿಯ ಕಡೆ ತಿರುಗಿ ನಿಂತರು.

ಟೀಚರ್ 3T71ರ ಸಾಲಿನ ಕೆಳಗೆ ಅದೇ ಸಾಲನ್ನು ಇನ್ನೊಮ್ಮೆ ಬರೆದು, ಸಂಖ್ಯೆಯ ಕೊನೆಯ ಒಂದನ್ನು ಅಳಿಸಿ ಎರಡು ಮಾಡಿದರು. ಬಂದ್ ಮಾಡಿದರು. ಚಾಲೂ ಮಾಡಿದರು. ಅಡಾಪ್ಟರಿನ ಹಳದಿ ದೀಪ ಎಂದಿನಂತೆ ಹತ್ತಿತು. ಅದರ ಬಾಜುವಿಗೆ ಇಷ್ಟು ದಿನ ಕಾಣದಿದ್ದ ಒಂದು ಹಸಿರು ದೀಪ ಒಮ್ಮೆ ಮಿಟುಕಿತು. ಆಮೇಲೆ ಬಿಡುವಿಲ್ಲದೆ ಮಿಟುಕತೊಡಗಿತು, ಬಹಳ ದಿನ ಮಾತಾಡದವರು ಮಾತಿಗೆ ಹತ್ತಿದ ಹಾಗೆ.

“ಬಂತು,” ಎಂದ ಗೌರೀಶ, ಮೆಲ್ಲಗೆ.

ಹೆಡ್‌ಮಾಸ್ತರ್ ತಿರುಗಿ ನೋಡಿದರು. ಡಬ್ಬಿಯ ಹೊಟ್ಟೆಯಲ್ಲಿದ್ದ ಕೆಂಪು ಅಕ್ಷರಗಳನ್ನೂ ನೋಡಿದರು. ಅವರ ಮುಖ ಅರಳಿತು.

“ನೋಡ್ರಿ ಮತ್ತ. ನಾ ಕುಂಕುಮಾ ಹಚ್ಚಿದ್ದಕ್ಕ ಹತ್ತಿತು.”

ಪೂರ್ಣಿಮಾ ಟೀಚರ್ ಸ್ನೇಹಲಳ ಮುಖ ನೋಡಿದರು. ಸ್ನೇಹಲ ಟೀಚರರ ಮುಖ ನೋಡಿದಳು. ಇಲ್ಲ ಎನ್ನಲು ಇಬ್ಬರಿಗೂ ಆಗಲಿಲ್ಲ, ಏಕೆಂದರೆ ಅದು ಸುಳ್ಳಾಗಿರಲಿಲ್ಲ.

ಶನಿವಾರದ ಕಾರ್ಯಕ್ರಮದಲ್ಲಿ ನಾಲ್ಕು ಭಾಷಣಗಳಾದವು. ನಾಲ್ಕರಲ್ಲೂ ಕಂಪ್ಯೂಟರನ್ನು ಹೊಗಳಿದರು. ಒಬ್ಬರೂ ಅಡಾಪ್ಟರಿನ ಹೆಸರೆತ್ತಲಿಲ್ಲ. ಬಂಡೆಪ್ಪನವರು ಬ್ಯಾನರಿನಲ್ಲಿ ಕಂಡದ್ದಕ್ಕಿಂತ ಗಿಡ್ಡಗಿದ್ದರು. ಟೀಚರ್ ಸ್ನೇಹಲಳ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ಮೊದಲೇ ತುಂಬಿಟ್ಟಿದ್ದರು. ಅಮೃತಹಸ್ತಕ್ಕೆ ಉಳಿದದ್ದು ಎಂಟರ್ ಒತ್ತುವ ಕೆಲಸವೊಂದೇ.

ಬಂಡೆಪ್ಪನವರು ಒತ್ತಿದರು. ಹೆಸರು ಸೇರಿತು. ಫೋಟೋದವನು, “ಸರ್, ಕಣ್ಣ ಮುಚ್ಚೀರಿ, ಇನ್ನೊಂದ್‌ಸಲ,” ಎಂದ. ಅವರು ಮತ್ತೆ ಒತ್ತಿದರು. ಈ ಸಲ ಹೆಡ್‌ಮಾಸ್ತರರ ಕಣ್ಣು ಮುಚ್ಚಿತ್ತು. ಮತ್ತೊಮ್ಮೆ ಒತ್ತಿದರು.

ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು. ಸ್ನೇಹಲ ಒಬ್ಬಳೇ ಪರದೆ ನೋಡುತ್ತಿದ್ದಳು. ಎರಡನೆಯ ಸಲ ಒತ್ತಿದಾಗಿನಿಂದ ಅಲ್ಲಿ ಒಂದು ಸಾಲು ಮೂಡಿತ್ತು: ‘ಈ ವಿದ್ಯಾರ್ಥಿ ಈಗಾಗಲೇ ಇದ್ದಾರೆ.’ ಅವಳು ಅದನ್ನು ಮೂರು ಸಲ ಓದಿದಳು.

ಸೋಮವಾರ ಟೀಚರ್ ನಲವತ್ತೆರಡು ಹೆಸರು ಕೂಗಿದರು. ನಲವತ್ತೆರಡನೆಯದಕ್ಕೆ ಉತ್ತರ ಬರಲಿಲ್ಲ. ಸುಮ್ಮನೆ ಕೂತು ಕೂತು ಅವಳಿಗೆ ರೂಢಿಯಾಗಿತ್ತು. ಬಾಜುವಿನ ಹುಡುಗಿ ಮೊಣಕೈಯಿಂದ ತಿವಿದಾಗ, “ಎಸ್ ಟೀಚರ್,” ಎಂದಳು.

ಊಟದ ಹೊತ್ತಿಗೆ ಗೌರವ್ವ ಬಾಳೆಹಣ್ಣು ಹಿಡಿದು, “ಇವತ್ತ ನೀ ಯಾರು?” ಎಂದು ಕೇಳಿದಳು.

“ಸ್ನೇಹಲ.”

“ಹಂಗಾರ ತಗೋ, ನಿಂದ ನೀನ ತಿನ್ನು.”

ಮಂಗಳವಾರ ಖಾನಾಪುರದ ಮೈದಾನದಲ್ಲಿ ಬಿಸಿಲು ಚೆನ್ನಾಗಿ ಕಾದಿತ್ತು. ಗೌರೀಶ ನೀರಿನ ಬಾಟಲಿ ಹೊರುವ ನೆಪದಲ್ಲಿ ತಂಡದ ಜೊತೆ ಬಂದಿದ್ದ. ಅಂಪೈರ್ ಬಸಲಿಂಗಪ್ಪನವರು ಅಚ್ಚಾದ ಪಟ್ಟಿ ಹಿಡಿದು ಎರಡೂ ತಂಡಗಳ ಹೆಸರು ಕೂಗಿದರು. ಪೀರನವಾಡಿಯ ಹನ್ನೆರಡೂ ಬಂದವು. ಸ್ನೇಹಲ ಈ ಸಲ ತಡಮಾಡದೆ ಉತ್ತರ ಕೊಟ್ಟಳು.

ಗುಂಜಿಯ ತಂಡದಲ್ಲಿ ಹನ್ನೊಂದು ಹೆಸರು ಬಂದು ನಿಂತವು. ಸಾಲಿನ ಕೊನೆಯಲ್ಲಿ ಎರಡು ಜಡೆ ಬಿಗಿದು ಕಟ್ಟಿಕೊಂಡ ಪ್ರಾಚಿ ಕಾಯುತ್ತಲೇ ಇದ್ದಳು.

ಹನ್ನೆರಡನೆಯ ಹೆಸರು ಕಾಗದದಲ್ಲಿ ಇರಲಿಲ್ಲ. ಪ್ರಿಂಟ್ ತೆಗೆಯುವಾಗ ಕೊನೆಯ ಸಾಲು ಕೆಳಗೆ ಹೋಗಿ, ಅದರ ಅರ್ಧ ತಲೆಯಷ್ಟೇ ಕಾಣುತ್ತಿತ್ತು. ಅದು ಹೆಸರೋ ಗೀಟೋ ಹೇಳುವಂತಿರಲಿಲ್ಲ. ಬಸಲಿಂಗಪ್ಪನವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಇಲ್ಲದ ಹೆಸರನ್ನು ಹೇಗೆ ಆಡಿಸುವುದು ಎಂದು ಕೇಳಿದರು.

ಚನ್ನಬಸಯ್ಯನವರು ಮುಂದೆ ಬಂದರು. ಅವರಿಗೆ ಪ್ರಾಚಿಯ ಓಟದ ಸುದ್ದಿ ಮೊದಲೇ ತಲುಪಿತ್ತು. “ಪಟ್ಟಿ ಅಂದ್ರ ಪಟ್ಟಿನ್ರಿ,” ಎಂದರು ಸಮಾಧಾನದಿಂದ.

ಗೌರೀಶ ಸ್ನೇಹಲಳ ಕಿವಿಯಲ್ಲಿ, “ಛಲೋ ಆತು. ಆಕಿ ಇಲ್ಲಂದ್ರ ನಾವ ಗೆದ್ದಾಂಗ,” ಎಂದ.

ಪ್ರಾಚಿ ಜಡೆಯ ರಿಬ್ಬನ್ನನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಆಮೇಲೆ ಸುಮ್ಮನೆ ನಿಂತಳು. ಆ ಸುಮ್ಮನೆ ನಿಲ್ಲುವುದು ಹೇಗಿರುತ್ತದೆ ಎಂಬುದು ಆ ಮೈದಾನದಲ್ಲಿ ಸ್ನೇಹಲಳಿಗೆ ಮಾತ್ರ ಗೊತ್ತಿತ್ತು.

ಅವಳು ತನ್ನ ಸಾಲು ಬಿಟ್ಟು ನಡೆದಳು. ಹಿಂದಿನಿಂದ ಹೆಡ್‌ಮಾಸ್ತರ್ ಕರೆದರು. ಅವಳು ನಿಲ್ಲಲಿಲ್ಲ.

“ಸರ್, ಆಕಿ ಹೆಸರು ಪ್ರಾಚಿ. ಗುಂಜಿಯಾಕೀನ. ನಾನೂ ಆಕೀನೂ ಐದ್ ವರ್ಷ ಒಂದ ಬೆಂಚಿನ್ಯಾಗ ಕುಂತೇವಿ. ಕೆಳಗ ಜಾಗಾ ಐತ್ರಿ, ಬರಕೊಳ್ರಿ.”

ಬಸಲಿಂಗಪ್ಪನವರು ಅವಳ ಆಟದ ಅಂಗಿಯ ಮೇಲಿನ ಊರಿನ ಹೆಸರು ಓದಿದರು. “ನೀ ಪೀರನವಾಡಿ ತಂಡದಾಕಿ ಅಲ್ಲೇನು?”

“ಹೌದ್ರಿ.”

“ಆಕಿ ಆಡಿದ್ರ ನಿಮಗ ತ್ರಾಸ ಅಲ್ಲೇನು?”

“ಹೌದ್ರಿ,” ಎಂದು, ಸ್ನೇಹಲ ಪೂರ್ಣಿಮಾ ಟೀಚರ್ ಕಡೆ ಕೈ ಚಾಚಿದಳು. ಟೀಚರ್ ಒಂದು ಕ್ಷಣ ಹೆಡ್‌ಮಾಸ್ತರರನ್ನು ನೋಡಿ, ಪರ್ಸಿನಿಂದ ಪೆನ್ನು ತೆಗೆದು ಕೊಟ್ಟರು.

ಬಸಲಿಂಗಪ್ಪನವರು ಗುಂಜಿಯ ಮಾಸ್ತರರನ್ನು ಕರೆದು ಗುರುತಿನ ಚೀಟಿ ನೋಡಿದರು. ಆಮೇಲೆ ಹನ್ನೊಂದರ ಕೆಳಗೆ ಹನ್ನೆರಡು ಎಂದು ಹಾಕಿ ಪ್ರಾಚಿಯ ಹೆಸರು ಬರೆದರು.

ಸೀಟಿ ಊದಿದರು.

ಸ್ನೇಹಲ ಮೊದಲ ಮೂವರಲ್ಲಿ ಒಬ್ಬಳಾಗಿ ಮೈದಾನಕ್ಕೆ ಇಳಿದಳು. ಎಡಕ್ಕೆ ಬಳಸಿದಳು, ಬಲಕ್ಕೆ ತಪ್ಪಿಸಿದಳು. ನಾಲ್ವರು ಅವಳನ್ನು ಅಟ್ಟಿ ಸೋತರು. ಐದನೆಯ ‘ಖೋ’ ಕೇಳಿಸಿದಾಗ ಹಿಂದೆ ಬಂದ ಹೆಜ್ಜೆಯ ಸದ್ದು ಯಾರದು ಎಂದು ತಿರುಗಿ ನೋಡಬೇಕಾಗಿರಲಿಲ್ಲ. ಓಡುತ್ತಲೇ ಅವಳು ಮನಸ್ಸಿನಲ್ಲಿ ಎಣಿಸಿದಳು. ಏಳು, ಎಂಟು, ಒಂಬತ್ತು.

ಬೆನ್ನ ಮೇಲೆ ಧಪ್ ಎಂದು ಅಂಗೈ ಬಿತ್ತು.

ಅವಳು ಏದುಸಿರು ಬಿಡುತ್ತಾ ಬಂದು ಗೆರೆಯಾಚೆ ಕೂತಳು. ಗೌರೀಶ ಬಾಟಲಿ ಕೊಟ್ಟ. ಸಿಟ್ಟು ಅವನ ಮೂಗಿನ ತುದಿಯಲ್ಲಿತ್ತು.

“ನೀನ ಹೆಸರ ಹಚ್ಚಿಸಿದಿ, ನೀನ ಔಟ್ ಆದಿ. ಏನ್ ಶಾಣ್ಯಾಕಿ ಇದ್ದೀ.”

ಸ್ನೇಹಲ ಗಟಗಟ ನೀರು ಕುಡಿದಳು. ಬೆನ್ನಿನ ಮೇಲೆ ಖಾನಾಪುರದ ಕೆಂಪು ಮಣ್ಣಿನಲ್ಲಿ ಐದು ಬೆರಳೂ ಸ್ಪಷ್ಟವಾಗಿ ಮೂಡಿವೆ ಎಂದು ಹಿಂದೆ ಕೂತ ಹುಡುಗಿಯರು ನಗುತ್ತಿದ್ದರು. ಒಬ್ಬಳು ಜಾಡಿಸಲು ಕೈ ತಂದಳು.

“ಇರಲಿ ಬಿಡು,” ಎಂದಳು ಸ್ನೇಹಲ. “ಒರಸಬ್ಯಾಡ.”